ಉರಿವಳ್ಳಿಯ ಕಾವಲು

ಜ್ಯೇಷ್ಠಮಾಸದ ಮೊದಲ ಮಳೆ ಸುರಿದು ಹೋದ ಮೇಲೆ ಬಳ್ಳಿಗುಂದದ ರಾಜಧಾನಿಯು ಕೆರೆಯಿಂದ ಎದ್ದುಬಂದ ಎಮ್ಮೆಯಂತೆ ನಿರಾಳವಾಗಿ ಉಸಿರಾಡುತ್ತಿತ್ತು. ಬೇಸಿಗೆಯುದ್ದಕ್ಕೂ ಕಾದು ಕೆಂಡವಾಗಿದ್ದ ಹೆಬ್ಬಂಡೆಗಳ ದುರ್ಗ ಈಗ ಕಪ್ಪಗೆ ಹೊಳೆಯುತ್ತಿತ್ತು. ಮೂಡಣ ಹೆಬ್ಬಾಗಿಲಿನ ಅಂಗಡಿಬೀದಿಯಲ್ಲಿ ವರ್ತಕರು ನೆನೆದ ಹತ್ತಿಯನ್ನು ಬಿಸಿಲಿಗೆ ಹರವಿ, ಮಳೆಯನ್ನು ಬೈಯುತ್ತಲೇ ಅದಕ್ಕೆ ಕೈಮುಗಿಯುತ್ತಿದ್ದರು. ಆನೆಸಾಲೆಯ ಕಡೆಯಿಂದ ಒದ್ದೆ ಹುಲ್ಲಿನ ವಾಸನೆ ಬರುತ್ತಿತ್ತು, ಅರಮನೆಯ ಮುಂದಣ ಬಯಲಿನಲ್ಲಿ ಬಡಗಿಗಳು ಚಪ್ಪರದ ಕಂಬಗಳನ್ನು ನಿಲ್ಲಿಸುತ್ತಿದ್ದರು. ಶ್ರಾವಣದಲ್ಲಿ ಎಳೆಯ ರಾಜಕುಮಾರ ನನ್ನಿದೇವನಿಗೆ ಪಟ್ಟ. ತಂದೆ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ; ಆ ಕೂಸಿನ ತಲೆಗೆ ಕಿರೀಟ ಎಷ್ಟು ಸಡಿಲವಾದೀತೆಂಬುದೇ ಊರಿನವರ ಹರಟೆ.

ಈ ಸಡಗರದ ನಡುವಿನಿಂದ ಕೋಲೂರಿಕೊಂಡು ಹೋಗುತ್ತಿದ್ದ ಕೇತಮಯ್ಯನ ಕಡೆಗೆ ಯಾರ ಗಮನವೂ ಇರಲಿಲ್ಲ. ಒಂದಾನೊಂದು ಕಾಲದಲ್ಲಿ ಆತ ನಡೆದುಬಂದರೆ ಬೀದಿ ಇಬ್ಭಾಗವಾಗುತ್ತಿತ್ತು. ಮೂವರು ಅರಸರ ಮುದ್ರೆಯುಂಗುರವನ್ನು ಕಾಯ್ದಿದ್ದ ಮಹಾಮಂತ್ರಿ ಆತ. ಅರಸರು ಮಾಡಿದ ತಪ್ಪುಗಳಿಗೆ ಕಾರಣಗಳನ್ನು ಹುಡುಕಿ, ಮಾಡದ ಸಾಹಸಗಳಿಗೆ ಸಾಕ್ಷಿಗಳನ್ನು ಒದಗಿಸಿ, ಹಗೆಗಳ ಮುಂದೆ ನಗುತ್ತ, ಗೆಳೆಯರ ಮುಂದೆ ಮೌನವಾಗಿರುತ್ತ ಆತ ತನ್ನ ಆಯುಷ್ಯವನ್ನು ಸವೆಸಿದ್ದ. ಕೊನೆಗೆ ಮೂರನೆಯವನಾದ ನನ್ನಿದೇವನ ತಂದೆಯು ತನ್ನ ತಮ್ಮ ಬಮ್ಮರಸನ ಮಾತಿಗೆ ಕಿವಿಗೊಟ್ಟು, ಹಿರಿಯರಿಗೆ ವಿಶ್ರಾಂತಿ ಬೇಕೆಂಬ ನೆಪದಲ್ಲಿ, ಮುದ್ರೆಯನ್ನು ಹಿಂಪಡೆದು ಉರಿವಳ್ಳಿಯ ಕಾವಲನ್ನು ಕೊಟ್ಟಿದ್ದ. ಓಲಗದಲ್ಲಿ ಕೆಲವರು ಬಾಯಿಗೆ ಉತ್ತರೀಯವನ್ನು ಅಡ್ಡ ಹಿಡಿದು ನಕ್ಕರು. ಕೇತಮಯ್ಯನಿಗೆ ಮಾತ್ರ, ಹೆಗಲ ಮೇಲಿನ ಹೊರೆಯನ್ನು ಯಾರೋ ಇಳಿಸಿಕೊಂಡಂತಾಗಿತ್ತು. ಆ ರಾತ್ರಿ ಆತ ಬಹುಕಾಲದ ಮೇಲೆ ಕಣ್ತುಂಬ ನಿದ್ದೆ ಮಾಡಿದ್ದ.

ಉರಿವಳ್ಳಿಯೆಂದರೆ ಪಂಡಿತರು ಅಗ್ನಿಶಿಖೆಯೆನ್ನುವ ಕಾಡುಬಳ್ಳಿ. ಬಳ್ಳಿಗುಂದದ ವಂಶದ ಮೂಲಪುರುಷನು ಹಗೆಗಳಿಗೆ ಬೆನ್ನು ತೋರಿಸಿ ಓಡಿ ಒಂದು ಮುಳ್ಳುಪೊದೆಯಲ್ಲಿ ಅಡಗಿದ್ದಾಗ, ಪೊದೆಯ ತುಂಬ ಅರಳಿದ್ದ ಈ ಕೆಂಪು ಹಳದಿ ಹೂಗಳನ್ನು ಕಂಡ ವೈರಿಗಳು ಕಾಡಿಗೆ ಬೆಂಕಿ ಬಿದ್ದಿದೆಯೆಂದು ಹಿಂದಿರುಗಿದರಂತೆ. ಓಡಿದ ಕತೆಯನ್ನು ವಂಶದವರು ಬೇಗ ಮರೆತರು, ಹೂವನ್ನು ಮರೆಯಲಿಲ್ಲ. ಆ ಗೆಡ್ಡೆಯನ್ನು ತಂದು ಕೋಟೆಯೊಳಗಿನ ತೋಟದಲ್ಲಿ ಮಡಿ ಕಟ್ಟಿ ನೆಟ್ಟು, ಪಟ್ಟವೇರುವ ಪ್ರತಿಯೊಬ್ಬನೂ ಆ ಬಳ್ಳಿಯ ಹೂವನ್ನು ತನ್ನ ಕೈಯಾರೆ ಕೊಯ್ದು ಕಿರೀಟಕ್ಕೆ ಸಿಕ್ಕಿಸಿಕೊಳ್ಳಬೇಕೆಂದು ಕಟ್ಟಳೆ ಮಾಡಿದರು. ಪಟ್ಟದ ವರ್ಷ ಹೂವು ಬಾರದಿದ್ದರೆ ನೆಲವು ಅವನನ್ನು ಒಪ್ಪಲಿಲ್ಲವೆಂದೇ ಅರ್ಥ. ಆಗ ಕಿರೀಟ ಅವನ ಸಮೀಪದ ದಾಯಾದಿಗೆ. ಗೆಡ್ಡೆಯನ್ನು ಕೋಟೆಯಿಂದ ಹೊರಗೆ ಒಯ್ದವನ ಬಲಗೈಯನ್ನು ಮಣಿಕಟ್ಟಿನಲ್ಲಿ ಕಡಿಯತಕ್ಕದ್ದೆಂದು ಮಡಿಯ ಪಕ್ಕದ ಕಲ್ಲಿನಲ್ಲಿಯೇ ಕೆತ್ತಲಾಗಿತ್ತು.

ಬಳ್ಳಿಯ ಸ್ವಭಾವ ಕೇತಮಯ್ಯನಿಗೆ ಮೊದಮೊದಲು ವಿಚಿತ್ರವೆನಿಸಿತ್ತು. ಮಳೆ ಬಿದ್ದೊಡನೆ ಅದು ನೆಲ ಸೀಳಿ ಏಳುತ್ತದೆ. ಎಲೆಯ ತುದಿಯನ್ನೇ ಬೆರಳಿನಂತೆ ಸುತ್ತಿ ಮುಳ್ಳುಬೇಲಿಯನ್ನು ಹಿಡಿದು ಹತ್ತುತ್ತದೆ. ಶ್ರಾವಣ ಭಾದ್ರಪದಗಳಲ್ಲಿ ಉರಿಯುವಷ್ಟು ಉರಿದು, ಕಾರ್ತಿಕದ ಹೊತ್ತಿಗೆ ಒಣಗಿ, ತಾನು ಇದ್ದೇನೆಂಬ ಗುರುತನ್ನೇ ಅಳಿಸಿಬಿಡುತ್ತದೆ. ನೆಲದಡಿಯಲ್ಲಿ ಹಳೆಯ ಗೆಡ್ಡೆ ಸೊರಗಿ, ನೇಗಿಲಿನಂತೆ ಕವಲೊಡೆದ ಹೊಸ ಗೆಡ್ಡೆಗೆ ಜಾಗ ಬಿಟ್ಟುಕೊಡುತ್ತದೆ. ಚಳಿ, ಬೇಸಿಗೆಗಳಲ್ಲಿ ಕಾವಲುಗಾರನಿಗೆ ಇರುವ ಕೆಲಸ ಒಂದೇ, ಅದರ ತಂಟೆಗೆ ಹೋಗದಿರುವುದು. ಅಗೆಯಬಾರದು, ಕೆದಕಬಾರದು, ಮುಖ್ಯವಾಗಿ ನೀರು ಹನಿಸಬಾರದು. ಜೀವಮಾನವೆಲ್ಲ ಒಂದಲ್ಲ ಒಂದನ್ನು ಕೆದಕುತ್ತಲೇ ಇದ್ದ ಮಂತ್ರಿಗೆ ಈ ಸುಮ್ಮನಿರುವ ವಿದ್ಯೆ ಕೈಹಿಡಿಯಲು ಕೆಲವು ವರ್ಷ ಬೇಕಾಯಿತು.

ಅಂದು ಬೆಳಗ್ಗೆ ಆತ ಮಡಿಯ ಬಳಿ ಬಂದಾಗ ತೋಟದ ಕಸ ಗುಡಿಸುವ ಸೋವಕ್ಕ ಬೇಲಿಯ ಪಕ್ಕ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದಳು.

“ಇವತ್ತೂ ಮೊಳಕೆ ಇಲ್ರೀ ಅಯ್ಯನೋರೆ,” ಎಂದಳು ಆಕೆ. “ಊರಾಗಿನ ಕಳೆಯೆಲ್ಲ ಎದ್ದು ಕುಣೀಲಿಕತ್ತೈತಿ. ನಿಮ್ಮ ಮಹಾರಾಣಿ ಇನ್ನೂ ಹಾಸಿಗೆ ಬಿಟ್ಟಿಲ್ಲ.”

ಕೇತಮಯ್ಯ ಕೋಲನ್ನು ಪಕ್ಕಕ್ಕಿಟ್ಟ. ಮಂಡಿಯೂರಿ ಕುಳಿತು, ಮರದ ಚೂಪುಗೋಲಿನಿಂದ ಮಣ್ಣನ್ನು ಮೆಲ್ಲನೆ ಸರಿಸಿದ. ಕೈಗೆ ಸಿಕ್ಕಿದ್ದು ಗೆಡ್ಡೆಯಲ್ಲ. ಕಂದು ಬಣ್ಣದ ಕೊಳೆತ ಮುದ್ದೆ. ಪಕ್ಕದಲ್ಲಿ ಅಗೆದ, ಅಲ್ಲಿಯೂ ಅದೇ. ಮಡಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಗೆಡ್ಡೆಯೂ ಉಳಿದಿರಲಿಲ್ಲ. ಅಗೆದಷ್ಟೂ ಮಣ್ಣು ಹಸಿಯಾಗಿತ್ತು. ಬಿದ್ದುಹೋದ ಒಂದು ಮಳೆ ಇಷ್ಟು ಆಳಕ್ಕೆ ಇಳಿದಿರಲಾರದು.

“ಸೋವಕ್ಕ, ಈ ಬೇಸಿಗೆಯಲ್ಲಿ ಇಲ್ಲಿಗೆ ಯಾರು ನೀರು ಹಾಕಿದರು?”

ಆಕೆ ಮೆಲ್ಲುವುದನ್ನು ನಿಲ್ಲಿಸಿದಳು. “ನಾ ಹೇಳಂಗಿಲ್ರೀ. ಆಣಿ ಹಾಕ್ಸ್ಯಾರ.”

“ಯಾರು?”

“ಹೇಳಂಗಿಲ್ಲ ಅಂದ್ನೆಲ್ಲ. ಆದ್ರ ಅಯ್ಯನೋರೆ, ಚಿನ್ನದ ಕಾಲುಂಗುರ ಹಾಕ್ಕೊಂಡು ನಮ್ಮಂಥಾ ಬಡವ್ರು ತೋಟಕ್ಕ ಬರೋದಿಲ್ಲ. ಅಷ್ಟ ತಿಳ್ಕೋರಿ.”

ಪಟ್ಟದ ಕುಮಾರನ ತಾಯಿ ಗಂಡ ತೀರಿಕೊಂಡ ಮೇಲೂ ಬಳೆ, ಕಾಲುಂಗುರ ತೆಗೆಯಬಾರದೆಂಬುದು ಬಳ್ಳಿಗುಂದದ ರೂಢಿ; ಚಿನ್ನದ ಕಾಲುಂಗುರ ತೊಡುವ ಅಧಿಕಾರ ಈ ರಾಜ್ಯದಲ್ಲಿ ಇದ್ದದ್ದು ಆಕೆಯೊಬ್ಬಳಿಗೆ ಮಾತ್ರ. ಕೇತಮಯ್ಯ ಮಣ್ಣಿನ ಕೈಯನ್ನು ತೊಳೆಯದೆಯೇ ಕೋಲು ಹಿಡಿದು ಅರಮನೆಯ ಕಡೆಗೆ ಹೊರಟ. ಮುದುಕನಿಗೆ ಸಿಟ್ಟು ಬರಲಿಲ್ಲ, ಬರೀ ಆಯಾಸವಾಯಿತು.

ರಾಣಿ ಬಾಚಲದೇವಿಯು ಅಂತಃಪುರದ ಮೊಗಸಾಲೆಯಲ್ಲಿ ಮಗನ ಪಟ್ಟದ ನಿಲುವಂಗಿಗೆ ತಾನೇ ಜರಿ ಹಚ್ಚುತ್ತಿದ್ದಳು. ತುಂಬು ನದಿಯ ನಾಡಿನಿಂದ ಬಂದ ಹೆಣ್ಣುಮಗಳು ಆಕೆ. ಬಳ್ಳಿಗುಂದದ ಬಿಸಿಲಿಗೂ, ಇಲ್ಲಿಯ ಜನರ ಓರೆ ಮಾತಿಗೂ ಇನ್ನೂ ಹೊಂದಿಕೊಂಡಿರಲಿಲ್ಲ. ಕೇತಮಯ್ಯ ಬಂದು ಕೈಮುಗಿದು ನಿಂತಾಗ, ಅವನ ಉಗುರುಗಳಲ್ಲಿದ್ದ ಮಣ್ಣನ್ನು ನೋಡಿ ಆಕೆಯ ಮುಖ ಅರಳಿತು.

“ಬನ್ನಿ ಹಿರಿಯರೇ! ಮೊಳಕೆ ಬಂದಿತೇನು?”

“ಇಲ್ಲ, ದೇವಿಯವರೇ.” ಆತ ದನಿ ತಗ್ಗಿಸಿದ. “ಬಳ್ಳಿಗೆ ನೀರೆರೆಯಬೇಕೆಂದು ತಮಗೆ ಹೇಳಿದವರು ಯಾರು?”

ಸೂಜಿ ಆಕೆಯ ಕೈಯಲ್ಲಿಯೇ ನಿಂತಿತು. “ಸೋವಕ್ಕ ಹೇಳಿಬಿಟ್ಟಳೇ? ಯಾರಿಗೂ ತಿಳಿಯಬಾರದಾಗಿತ್ತು. ತಿಳಿದರೆ ವ್ರತಭಂಗವೆಂದು ಮೈದುನರು ಹೇಳಿದ್ದರು.”

“ಬಮ್ಮರಸರು?”

“ಹೌದು. ನಮ್ಮ ಅತ್ತೆಯವರು ಕೂಡ ಮಗನ ಪಟ್ಟದ ವರ್ಷ ಬೇಸಿಗೆಯುದ್ದಕ್ಕೂ ಸ್ವತಃ ಕೊಡ ಹೊತ್ತು ನೀರೆರೆದಿದ್ದರಂತೆ. ತಾಯಿಯ ಕೈನೀರು ಕುಡಿದ ಬಳ್ಳಿ ಮಗನಿಗೆ ಹೂ ಕೊಡುತ್ತದೆಯಂತೆ. ನೀವು ಮನೆಗೆ ಹೋದ ಮೇಲೆ, ರಾತ್ರಿಯಲ್ಲಿ ನಾನೂ ಎರೆದೆ, ಹಿರಿಯರೇ. ನೀವು ಬರುವಷ್ಟರಲ್ಲಿ ಮೇಲ್ಮಣ್ಣು ಒಣಗಿರುತ್ತಿತ್ತು. ದಾಸಿಯರ ಕೈಗೂ ಕೊಡಲಿಲ್ಲ. ಸೊಂಟ ಬಿದ್ದುಹೋದರೂ ಒಂದು ದಿನವೂ ತಪ್ಪಿಸಲಿಲ್ಲ.” ಹೆಮ್ಮೆಯಿಂದ ಆರಂಭವಾದ ಮಾತು ಕೇತಮಯ್ಯನ ಮುಖವನ್ನು ನೋಡುತ್ತ ನೋಡುತ್ತ ಸಣ್ಣದಾಯಿತು. “ತಪ್ಪಾಯಿತೇ?”

ಮೂವರು ಅರಸರಿಗಾಗಿ ಎಷ್ಟೋ ಸುಳ್ಳುಗಳನ್ನು ಬೆಣ್ಣೆ ಹಚ್ಚಿ ಹೇಳಿದ್ದ ನಾಲಗೆ ಅಂದು ಹೊರಳಲಿಲ್ಲ. “ಅದು ಬೇಸಿಗೆಯಲ್ಲಿ ನಿದ್ರಿಸುವ ಜೀವ, ತಾಯೀ. ನಿದ್ದೆಯಲ್ಲಿ ನೀರು ಬಿದ್ದರೆ ಕೊಳೆಯುತ್ತದೆ. ಎಲ್ಲವೂ ಕೊಳೆತಿದೆ.”

ಬಾಚಲದೇವಿ ಅಳಲಿಲ್ಲ. ನಿಲುವಂಗಿಯನ್ನು ಮಡಿಲಿನಿಂದ ತೆಗೆದು ಪಕ್ಕದಲ್ಲಿ ಇಟ್ಟಳು, ತನ್ನ ಕೈ ತಾಗಿದರೆ ಅದೂ ಕೆಟ್ಟೀತೆಂಬಂತೆ. “ಕಿರೀಟ ಹೋದರೆ ಹೋಗಲಿ,” ಎಂದಳು ಕೊನೆಗೆ. “ಕಿರೀಟ ತಪ್ಪಿದ ಮಕ್ಕಳನ್ನು ಈ ಮನೆತನದಲ್ಲಿ ಬಾಳಗೊಡುತ್ತಾರೆಯೇ? ನಿಜ ಹೇಳಿ.”

“ಇದುವರೆಗೆ ಬಾಳಗೊಟ್ಟಿಲ್ಲ,” ಎಂದ ಕೇತಮಯ್ಯ.

“ಹಾಗಾದರೆ ಓಲಗದಲ್ಲಿ ನಾನೇ ನಿಂತು ಹೇಳುತ್ತೇನೆ. ಮಾಡಿದವಳು ನಾನು, ಮಾಡಿಸಿದವರು ಮೈದುನರು ಎಂದು.”

“ಮಾಡಿಸಿದ್ದಕ್ಕೆ ಸಾಕ್ಷಿಯಿಲ್ಲ. ಮಾಡಿದ್ದಕ್ಕೆ ತಮ್ಮ ಬಾಯಿಮಾತೇ ಸಾಕ್ಷಿಯಾಗುತ್ತದೆ. ಹೆತ್ತ ತಾಯಿಯೇ ಬಳ್ಳಿಯನ್ನು ಕೊಂದಳೆಂದರೆ ಕುಮಾರನಿಗೆ ಉಳಿಗಾಲವುಂಟೇ? ತಾವು ಮೌನವಾಗಿರಬೇಕು. ಅದು ಸುಲಭವಲ್ಲ, ನನಗೆ ಗೊತ್ತು. ನಾನು ಆ ಕೆಲಸವನ್ನು ಬಹುಕಾಲ ಮಾಡಿದ್ದೇನೆ.”

ಆಕೆಗೆ ನಮಸ್ಕರಿಸಿ ಹೊರಬಿದ್ದ ಕೇತಮಯ್ಯ ಮನೆಗೆ ಹೋಗಲಿಲ್ಲ. ತೆಂಕಣ ಬಾಗಿಲನ್ನು ದಾಟಿ, ಸುಡುಗಾಡಿನ ಆಚೆಗಿನ ಮುಳ್ಳುಬೇಲಿಯ ಕಡೆಗೆ ನಡೆದ. ಅಲ್ಲಿ ಅವನ ಹೆಂಡತಿ ಚಂದವ್ವೆಯ ಹೆಸರಿನದೊಂದು ಪುಟ್ಟ ಕಲ್ಲಿತ್ತು. ಬಳ್ಳಿಯ ಕಾವಲು ಸಿಕ್ಕಿದ ವರ್ಷವೇ, ಇನ್ನು ಮುಂದೆ ಗಂಡ ಮನೆಯಲ್ಲಿ ಉಣ್ಣುತ್ತಾನೆಂದು ಆಕೆ ಹಿಗ್ಗುತ್ತಿದ್ದಾಗಲೇ, ಜ್ವರ ಬಂದು ತೀರಿಕೊಂಡಿದ್ದಳು. ಸಾಯುವ ಮುಂಚೆ ಆಕೆ ಕೇಳಿದ್ದು ಒಂದನ್ನೇ. “ನಿಮ್ಮ ಉರಿವಳ್ಳಿಯದೊಂದು ಗೆಡ್ಡೆ ನನ್ನ ತಲೆಯ ಹತ್ತಿರ ನೆಡಿ. ಕಾಡಿನದು ಬೇಡ, ಅರಮನೆಯದೇ ಆಗಬೇಕು. ಆ ಅರಮನೆ ನಿಮ್ಮನ್ನು ಜೀವಮಾನವೆಲ್ಲ ನನ್ನಿಂದ ಕಿತ್ತುಕೊಂಡಿತು. ಅದರದೊಂದು ಕಡ್ಡಿಯಾದರೂ ನನ್ನ ಪಾಲಿಗೆ ಬರಲಿ.” ತಮಾಷೆಗೆ ಹೇಳಿದಳೋ ನಿಜಕ್ಕೋ, ಕೇಳಿ ತಿಳಿಯುವಷ್ಟು ಹೊತ್ತು ಸಿಗಲಿಲ್ಲ.

ಬಳ್ಳಿ ಒಣಗಿದೊಡನೆ ಮಡಿಯಲ್ಲಿ ಹೆಚ್ಚಾದ ಗೆಡ್ಡೆಗಳನ್ನು ತೆಗೆದು ಒಲೆಗೆ ಹಾಕಿ ಸುಡಬೇಕೆಂಬುದು ಕಟ್ಟಳೆ. ಆ ವರ್ಷ ಕೇತಮಯ್ಯ ಎಲ್ಲವನ್ನೂ ಸುಟ್ಟ, ಒಂದನ್ನು ಮಾತ್ರ ಸೊಂಟದ ಗಂಟಿನಲ್ಲಿ ಕಟ್ಟಿಕೊಂಡು ಬಂದು ಈ ಕಲ್ಲಿನ ಬುಡದಲ್ಲಿ ನೆಟ್ಟ. ಅರಸರಿಗಾಗಿ ಲೆಕ್ಕವಿಲ್ಲದಷ್ಟು ಅಪರಾಧಗಳನ್ನು ಮಾಡಿದ್ದ ಮನುಷ್ಯ ತನ್ನ ಸ್ವಂತಕ್ಕೆಂದು ಮಾಡಿಕೊಂಡ ಅಪರಾಧ ಅದೊಂದೇ ಆಗಿತ್ತು.

ಈಗ ಕಲ್ಲಿನ ಹಿಂದೆ ಎಳೆಯ ಕುಡಿಯೊಂದು ಗೇಣೆತ್ತರಕ್ಕೆ ಎದ್ದು, ಎಲೆಯ ತುದಿಯಿಂದ ಬೇಲಿಯನ್ನು ತಡಕುತ್ತಿತ್ತು. ಅದನ್ನು ಕಿತ್ತು ಮಡಿಗೆ ಸಾಗಿಸುವುದು ಸಾಧ್ಯವಿರಲಿಲ್ಲ. ಬೆಳೆಯುವ ಹೊತ್ತಿನಲ್ಲಿ ಅಲುಗಿಸಿದರೆ ಆ ಬಳ್ಳಿ ಬಾಡಿ ಸಾಯುತ್ತದೆ. ಮೇಲಾಗಿ ಮಡಿಯ ಸುತ್ತ ಬಮ್ಮರಸನು ಅದಾಗಲೇ, ರಕ್ಷಣೆಯ ಹೆಸರಿನಲ್ಲಿ, ತನ್ನ ಭಟರನ್ನು ನಿಲ್ಲಿಸಿದ್ದ. ಹೂವು ಇಲ್ಲಿಯೇ ಅರಳಬೇಕು, ಇಲ್ಲಿಯೇ ಕೊಯ್ಯಬೇಕು; ಹಾಗಾಗಬೇಕಾದರೆ ಇದು ಯಾವ ಬಳ್ಳಿಯೆಂದು ತಾನು ಊರೆಲ್ಲ ಕೇಳುವಂತೆ ಹೇಳಬೇಕು. ಕೇತಮಯ್ಯ ತನ್ನ ಬಲಗೈಯನ್ನು ನೋಡಿಕೊಂಡ. ಮುದ್ರೆಯೊತ್ತಿ ಒತ್ತಿ ಹೆಬ್ಬೆರಳು ಸೊಟ್ಟಗಾಗಿತ್ತು.

“ನಿನ್ನ ತಮಾಷೆ ದುಬಾರಿಯಾಯಿತು ನೋಡು,” ಎಂದು ಹೆಂಡತಿಯ ಕಲ್ಲಿಗೆ ಹೇಳಿ, ಒಂದು ಒಣಗಿದ ಮುಳ್ಳುಕೊಂಬೆಯನ್ನು ಎಳೆದು ತಂದು ಕುಡಿಗೆ ಆಸರೆ ಕೊಟ್ಟ.

ಆಷಾಢವೆಲ್ಲ ಆತ ದಿನವೂ ಅಲ್ಲಿಗೆ ಹೋಗಿಬಂದ. ಬುಡಕ್ಕೆ ಒಣಗಿದ ಎಲೆ ಹೊದಿಸಿದ, ನೀರು ನಿಲ್ಲದಂತೆ ಕಾಲುವೆ ತೆಗೆದ, ಮೇಕೆಗಳನ್ನು ಓಡಿಸಿದ. ಮುದುಕನಿಗೆ ಹೆಂಡತಿಯ ನೆನಪು ಹೆಚ್ಚಾಗಿದೆಯೆಂದು ಬಮ್ಮರಸನ ಗೂಢಚಾರರು ತಮ್ಮ ಒಡೆಯನಿಗೆ ವರದಿ ಒಪ್ಪಿಸಿದರು. ಅದು ಸುಳ್ಳೂ ಆಗಿರಲಿಲ್ಲ.

ಶ್ರಾವಣದ ಓಲಗ ನೆರೆಯಿತು. ಜವನಿಕೆಯ ಹಿಂದೆ ಬಾಚಲದೇವಿ, ಮುಂದೆ ಬರಿದಾದ ಸಿಂಹಾಸನ, ಅದರ ಮೆಟ್ಟಿಲಿನ ಮೇಲೆ ಕಾಲು ಅಲುಗಿಸುತ್ತ ಕುಳಿತ ನನ್ನಿದೇವ. ಬಮ್ಮರಸನು ಎದ್ದು ನಿಂತ. ಅವನು ಸುಂದರಾಂಗ, ದುಃಖವೂ ಅವನಿಗೆ ಚೆನ್ನಾಗಿ ಒಪ್ಪುತ್ತಿತ್ತು.

“ಸಭಾಸದರೇ, ಹೇಳಬಾರದ ಮಾತನ್ನು ಹೇಳಬೇಕಾಗಿ ಬಂದಿದೆ. ಉರಿವಳ್ಳಿ ಈ ವರ್ಷ ಏಳಲಿಲ್ಲ. ಅಣ್ಣನ ಮಗ ನನಗೆ ಮಗನಲ್ಲವೇ? ಅವನ ತಲೆಯ ಮೇಲೆ ಕಿರೀಟವನ್ನು ನೋಡಬೇಕೆಂಬ ಆಸೆ ನನಗಿಂತ ಹೆಚ್ಚು ಯಾರಿಗಿದೆ? ಆದರೆ ನೆಲವೇ ಒಪ್ಪದಿದ್ದ ಮೇಲೆ ನಾವೇನು ಮಾಡಬಲ್ಲೆವು?”

ಜವನಿಕೆಯ ಹಿಂದೆ ಬಳೆಗಳ ಸದ್ದಾಯಿತು. ರಾಣಿ ಎದ್ದು ನಿಂತಿದ್ದಳು. ಕೇತಮಯ್ಯ ಅದನ್ನು ಕೇಳಿಸಿಕೊಂಡು, ಆಕೆ ಬಾಯಿ ತೆರೆಯುವ ಮೊದಲೇ ತನ್ನ ಕೋಲನ್ನು ನೆಲಕ್ಕೆ ಕುಟ್ಟಿದ.

“ಬಳ್ಳಿ ಎದ್ದಿದೆ,” ಎಂದ. “ಅರಳಿಯೂ ಇದೆ. ಮಡಿಯಲ್ಲಿ ಅಲ್ಲ. ಅಲ್ಲಿಯ ಗೆಡ್ಡೆಗಳು ಕೊಳೆತಿವೆ. ಕಾವಲುಗಾರ ನಾನು, ಹೊಣೆಯೂ ನನ್ನದೇ. ಆದರೆ ಅದೇ ಮಡಿಯ ಒಂದು ಗೆಡ್ಡೆಯನ್ನು ಕೆಲವು ವರ್ಷಗಳ ಹಿಂದೆ ನಾನು ಕದ್ದು ಕೋಟೆಯ ಆಚೆಗೆ ಒಯ್ದು, ನನ್ನ ಹೆಂಡತಿಯ ಕಲ್ಲಿನ ಬಳಿ ನೆಟ್ಟಿದ್ದೇನೆ. ಮೂಲಪುರುಷರ ಬಳ್ಳಿಯ ವಂಶ ಅಲ್ಲಿ ಉಳಿದಿದೆ. ಸಭೆಯು ಬಂದು ನೋಡಲಿ.”

ಓಲಗ ಒಮ್ಮೆಗೇ ಗದ್ದಲವಾಯಿತು. ಮಂತ್ರಿಗಳು, ಸಾಮಂತರು, ಪುರೋಹಿತರು, ಅವರ ಹಿಂದೆ ಬೀದಿಯ ಜನ, ಎಲ್ಲರೂ ತೆಂಕಣ ಬಾಗಿಲಿನಾಚೆಗೆ ನೆರೆದರು. ಚಂದವ್ವೆಯ ಕಲ್ಲಿನ ಹಿಂದಣ ಬೇಲಿ ತುದಿಯಿಂದ ಬುಡದವರೆಗೆ ಕೆಂಪಗೆ, ಹಳದಿಯಾಗಿ ಉರಿಯುತ್ತಿತ್ತು. ಎಸಳುಗಳೆಲ್ಲ ಮೇಲ್ಮುಖವಾಗಿ ಬಾಗಿ ಗಾಳಿಗೆ ಅಲುಗುತ್ತಿದ್ದವು. ಜನ ತಾವಾಗಿಯೇ ಕೈಮುಗಿದರು.

ಬಮ್ಮರಸನ ಮುಖ ಕಪ್ಪಿಟ್ಟಿತು. ಮರುಕ್ಷಣವೇ ಸಾವರಿಸಿಕೊಂಡು ನಕ್ಕ. “ಇಂಥ ಹೂವು ನಮ್ಮ ಕಾಡಿನ ಪೊದೆ ಪೊದೆಗೂ ಇದೆ. ಇದು ಆ ಬಳ್ಳಿಯೆಂಬುದಕ್ಕೆ ಸಾಕ್ಷಿಯೇನು?”

“ಸಾಕ್ಷಿ ಇದು,” ಎಂದು ಕೇತಮಯ್ಯ ತನ್ನ ಬಲಗೈಯನ್ನು ಕಲ್ಲಿನ ಮೇಲೆ ಇಟ್ಟ. “ಇದು ಕಾಡಿನ ಬಳ್ಳಿಯಾದರೆ ನಾನು ನಿರಪರಾಧಿ. ಮಡಿಯದಾದರೆ ಕಟ್ಟಳೆಯಂತೆ ಈ ಕೈಯನ್ನು ಕಡಿಯಬೇಕು. ನಾನು ಕಡಿಯಿರೆಂದು ಕೇಳುತ್ತಿದ್ದೇನೆ.”

“ಮಗುವಿನ ಪಟ್ಟಕ್ಕಾಗಿ ಮುದುಕನು ಕೈಯನ್ನೇನು, ತಲೆಯನ್ನೂ ಕೊಟ್ಟಾನು!” ಬಮ್ಮರಸನ ದನಿ ಏರಿತು. “ಈ ಮನೆತನದ ಮೇಲೆ ಅವನಿಗಿರುವ ನಿಷ್ಠೆ ಯಾರಿಗೆ ತಿಳಿಯದು?”

ಧರ್ಮಾಧಿಕಾರಿಗಳಾದ ಸೋಮರಾಶಿ ಪಂಡಿತರು ಗುಂಪಿನಿಂದ ಮುಂದೆ ಬಂದರು. ಅವರು ಗಂಟಲು ಸರಿಪಡಿಸಿಕೊಂಡರು. “ಮಹಾಸಾಮಂತರೇ, ಮಡಿಯ ಕಾವಲನ್ನು ಇವರಿಗೆ ಕೊಡಿಸಿದವರು ತಾವೇ. ಇವರ ನಿಷ್ಠೆ ತಲೆ ಕೊಡುವಷ್ಟು ದೊಡ್ಡದೆಂದು ಈಗ ಹೇಳಿದವರೂ ತಾವೇ. ಅಂಥವರು ಪ್ರಮಾಣ ಮಾಡಿ ಹೇಳಿದ ಮಾತನ್ನು ಧರ್ಮಪೀಠವು ಯಾವ ಮುಖ ಹೊತ್ತು ಸುಳ್ಳೆನ್ನಬೇಕು? ಕೇತಮಯ್ಯನವರೇ, ಹೆಂಡತಿಯ ಕಲ್ಲನ್ನು ಮುಟ್ಟಿದ್ದೀರಿ. ಹೇಳಿ, ಇದು ಮಡಿಯ ಗೆಡ್ಡೆಯೇ?”

“ಹೌದು. ಅವಳು ಕೇಳಿದಳು, ನಾನು ತಂದುಕೊಟ್ಟೆ.”

ಆ ಮಾತಿನ ಸರಳತೆಗೆ ಜನರ ನಡುವಿನಿಂದ ಒಂದು ನಿಟ್ಟುಸಿರು ಎದ್ದಿತು. ಯಾರೋ ನನ್ನಿದೇವನ ಹೆಸರು ಹಿಡಿದು ಜಯಕಾರ ಹಾಕಿದರು, ಅದು ಬೇಲಿಯುದ್ದಕ್ಕೂ ಹಬ್ಬಿತು. ಬಮ್ಮರಸನು ಸುತ್ತಲೂ ನೋಡಿದ. ಅವನ ಕಡೆಯ ಸಾಮಂತರೇ ಕೈಯೆತ್ತಿ ಕೂಗುತ್ತಿದ್ದರು. ಅವನೂ ಕೈಯೆತ್ತಿದ. ಅರಮನೆಯಲ್ಲಿ ಹುಟ್ಟಿದವರಿಗೆ ಇಂಥ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಪಂಡಿತರು ಕೇತಮಯ್ಯನ ಬಳಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ಮೊದಲು ಪಟ್ಟವಾಗಲಿ. ಹೊಸ ಅರಸರು ತಮ್ಮ ಮೊದಲ ಆಜ್ಞೆಯಾಗಿ ನಿಮ್ಮನ್ನು ಕ್ಷಮಿಸಬಹುದು. ನಾನು ಹೇಳಿಕೊಡುತ್ತೇನೆ.”

ಕೇತಮಯ್ಯನಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಎಡಗೈಯಿಂದ ಉಣ್ಣುವುದನ್ನು ಒಮ್ಮೆ ನೆನೆದ. ಆದರೂ ಬೇಡವೆಂದು ತಲೆಯಾಡಿಸಿದ. “ಕ್ಷಮಿಸಿದರೆ ಇದೆಲ್ಲ ಮೊದಲೇ ಮಾತಾಡಿಕೊಂಡ ಆಟವೆಂದು ನಾಳೆಯೇ ಸುದ್ದಿ ಹಬ್ಬಿಸುತ್ತಾರೆ. ಯಾರು ಹಬ್ಬಿಸುತ್ತಾರೆಂದು ನಿಮಗೂ ಗೊತ್ತು. ಮುಂಚೆ ಶಿಕ್ಷೆಯಾಗಲಿ, ಆಮೇಲೆ ಪಟ್ಟ. ಬೇಗ ಮುಗಿಸಿಬಿಡಿ ಪಂಡಿತರೇ, ನನಗೆ ಸಾಕಾಗಿದೆ.”

ಶಿಕ್ಷೆ ಅಲ್ಲಿಯೇ ನಡೆಯಿತು. ಮೂವರು ಅರಸರಿಗಾಗಿ ಆಡಿದ ಸುಳ್ಳುಗಳಿಗೆ ಉಂಬಳಿ, ಪಲ್ಲಕ್ಕಿ, ಬಿರುದುಗಳನ್ನು ಪಡೆದಿದ್ದ ಕೇತಮಯ್ಯನು, ತಾನು ಆಡಿದ ಒಂದು ನಿಜಕ್ಕೆ ಬಲಗೈಯನ್ನು ಕೊಟ್ಟ. ಸೋವಕ್ಕ ತನ್ನ ಸೆರಗನ್ನು ಹರಿದು ಮೊಂಡುಗೈಗೆ ಸುತ್ತುತ್ತ, ಸುತ್ತಲಿದ್ದ ದೊಡ್ಡವರೆಲ್ಲರಿಗೂ ಕೇಳುವಂತೆ ಬೈಯುತ್ತಿದ್ದಳು. ಯಾರೂ ಆಕೆಯನ್ನು ತಡೆಯಲಿಲ್ಲ. ಆಮೇಲೆ ನನ್ನಿದೇವನನ್ನು ಒಬ್ಬರು ಎತ್ತಿ ಹಿಡಿದರು. ಕೂಸು ಬಿಕ್ಕಳಿಸುತ್ತಲೇ ಒಂದು ಹೂವನ್ನು ಕೊಯ್ದಿತು.

ಬಮ್ಮರಸನಿಗೆ ಏನೂ ಆಗಲಿಲ್ಲ. ಗಡಿಯ ಒಂದು ದೂರದ ಸೀಮೆಯನ್ನು ಕೊಟ್ಟು ಗೌರವದಿಂದಲೇ ಅವನನ್ನು ಕಳುಹಿಸಿದರು. ಅವನು ಹೊರಡುವಾಗ ಕೇತಮಯ್ಯನ ಆರೋಗ್ಯವನ್ನು ವಿಚಾರಿಸಿಕೊಂಡು ಹೋದ. ಆಳುವ ಮನೆಗಳಲ್ಲಿ ನ್ಯಾಯವೆಂಬುದು ಬಹಳಷ್ಟು ಸಲ ಅಷ್ಟರಲ್ಲಿಯೇ ಮುಗಿಯುತ್ತದೆ.

ಬಳ್ಳಿ ಒಣಗಿದ ಮೇಲೆ, ಚಂದವ್ವೆಯ ಕಲ್ಲಿನ ಬುಡದ ಗೆಡ್ಡೆಗಳನ್ನು ತೆಗೆದು ಮಡಿಯಲ್ಲಿ ನೆಡುವ ಕೆಲಸವಾಯಿತು. ಒಂದನ್ನು ಅಲ್ಲಿಯೇ ಬಿಡಬೇಕೆಂಬುದು ಎಳೆಯ ಅರಸನ ಮೊದಲ ಆಜ್ಞೆ. ಅದನ್ನು ಬರೆಸಿದವಳು ಬಾಚಲದೇವಿ. ಕುಡಿಯೊಡೆಯುವ ತುದಿ ಮುರಿಯದಂತೆ ಗೆಡ್ಡೆಯನ್ನು ಹಿಡಿಯಲು ಎರಡು ಕೈ ಬೇಕು. ಕೇತಮಯ್ಯ ಎಡಗೈಯಿಂದ ಮಣ್ಣು ಸರಿಸುತ್ತಿದ್ದ, ರಾಣಿ ತನ್ನ ಎರಡೂ ಅಂಗೈಗಳಲ್ಲಿ ಒಂದೊಂದನ್ನೇ ಎತ್ತಿ ಇಡುತ್ತಿದ್ದಳು. 

ಬೇಸಿಗೆ ಬಂತು. ಬಂಡೆಗಳು ಮತ್ತೆ ಕಾದವು. ಒಂದು ಮಧ್ಯಾಹ್ನ ಬಾಚಲದೇವಿ ಮಡಿಯ ಬಳಿ ಬಂದಳು. ಕೈಯಲ್ಲಿ ಕೊಡವಿರಲಿಲ್ಲ. ಬಿರುಕು ಬಿಟ್ಟ ಬರಿಯ ಮಣ್ಣಿನ ಮುಂದೆ ಆಕೆ ಬಾಗಿದಳು.

“ಒಂದು ಬೊಗಸೆಯೂ ಬೇಡವೇ, ಹಿರಿಯರೇ? ಇಷ್ಟು ಬಿಸಿಲಿದೆ.”

ಕೇತಮಯ್ಯ ಕೋಟೆಗೋಡೆಯ ನೆರಳಿನಲ್ಲಿ ಒರಗಿ ಕುಳಿತಿದ್ದ. ಮೊಂಡುಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಾಯಿ ತುಸು ತೆರೆದು, ಆತ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ.

“ಎಬ್ಬಿಸಲೇನ್ರೀ ಅವ್ವಾರೆ?” ಎಂದು ಸೋವಕ್ಕ ಪೊರಕೆ ಕೆಳಗಿಟ್ಟಳು.

“ಬೇಡ,” ಎಂದಳು ಬಾಚಲದೇವಿ. “ಮಲಗಿದ್ದಾರೆ. ಮಲಗಲಿ.”

ಆಕೆ ಸೆರಗನ್ನು ಸರಿಪಡಿಸಿಕೊಂಡು, ಕಾಲುಂಗುರದ ಸದ್ದಾಗದಂತೆ ಹೆಜ್ಜೆಯಿಡುತ್ತ ಹಿಂದಿರುಗಿದಳು.